ಕುತ್ತಿಗೆಯ ಅಳತೆ

ಸಖರಾಯಪಟ್ಟಣ
೨ ಫೆಬ್ರವರಿ ೨೦೨೫

ಅಂಬಕ್ಕನಿಗೆ ತಮ್ಮ ಕನಕರಾಜುವಿನ ನಮಸ್ಕಾರ.

ನೀನು ಅಜ್ಜಂಪುರದಿಂದ ಬಸ್ಸಿಗೆ ಹಾಕಿ ಕಳಿಸಿದ ಅಂಗಿ ಕೈ ಸೇರಿತು. ಬಿಚ್ಚಿದ ತಕ್ಷಣ ತೊಟ್ಟು ನೋಡಿದೆ. ಮೈಗೆ ಹೊಯ್ದ ಹಾಗೆ ಕೂತಿದೆ. ಕಾಲರಂತೂ ಹಲಗೆಯ ಹಾಗೆ ನಿಂತಿದೆ. ಹೇಮಾವತಿ ನೋಡಿ, "ಏನ್ರೀ, ಇನ್ಸ್‌ಪೆಕ್ಟರ್ ಕೆಲ್ಸ ಸಿಕ್ತಾ?" ಅಂತ ನಕ್ಕಳು. ದಿನವಿಡೀ ಕತ್ತೆತ್ತಿ ತೆಂಗಿನ ಗೊನೆ ನೋಡುವವನ ಮೇಲೆ ಏನೇನು ಉದುರುತ್ತದೆ ಅಂತ ಅವಳಿಗೇನು ಗೊತ್ತು? ಒಂದು ಕೆಂಪಿರುವೆ ಬೆನ್ನೊಳಗೆ ಇಳಿದರೆ ಸಾಕು, ಬೆಲೆ ಹೇಳಬೇಕಾದ ಬಾಯಲ್ಲಿ ಬೇರೆ ಏನೋ ಬರುತ್ತದೆ. ಅದಕ್ಕೇ ನಾನು ಮೇಲಿನ ಗುಂಡಿಯನ್ನೂ ಹಾಕಿಕೊಂಡೇ ತೋಟಕ್ಕೆ ಇಳಿಯುವುದು.

ಈಗ ಫಸಲು ಮಾರುವ ಕಾಲ. ಮಾರುವವರೂ ಕರೆಯುತ್ತಾರೆ, ಕೊಳ್ಳುವವರೂ ಕರೆಯುತ್ತಾರೆ. ಮರ ಮರ ನೋಡಿಕೊಂಡು ಬಂದು ನಾನೊಂದು ಬೆಲೆ ಹೇಳಿದರೆ ಎರಡು ಕಡೆಯವರೂ ತಕರಾರಿಲ್ಲದೆ ಒಪ್ಪುತ್ತಾರೆ. ಯುಗಾದಿಗೆ ಮೊದಲು ಮಲ್ಲಿಕಾರ್ಜುನಪ್ಪನವರ ದೊಡ್ಡ ತೋಟ ಇದೆ. ಆ ತೋಟಕ್ಕೆ ಯಾರನ್ನು ಕರೆಯುತ್ತಾರೋ ಉಳಿದ ತೋಟದವರೂ ಅವರನ್ನೇ ಕರೆಯುತ್ತಾರೆ. ನಿನಗೆ ಗೊತ್ತಿರುವುದೇ.

ಹೇಳುವುದು ಮರೆತೆ. ಮೊನ್ನೆ ಬೆಳಿಗ್ಗೆ ಒಂದು ತೋಟದಲ್ಲಿ ಸ್ವಲ್ಪ ಕಣ್ಣು ಕತ್ತಲೆ ಬಂದು ಕೂತೆ. ಕೂತೆ ಅಂದರೆ ಮಲಗಿದೆ. ಬಿಸಿಲು ಇರಬೇಕು. ಎಳನೀರು ಕುಡಿಸಿದರು, ಎದ್ದು ಬಂದೆ. ನೀನು ಇದನ್ನೇ ಹಿಡಿದುಕೊಂಡು ಕೂರಬೇಡ.

ನಿನ್ನ ತಮ್ಮ,
ಕನಕ


ಅಜ್ಜಂಪುರ
೯ ಫೆಬ್ರವರಿ ೨೦೨೫

ಲೇ ಕನಕ,

ಆಶೀರ್ವಾದ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು. "ಕೂತೆ ಅಂದರೆ ಮಲಗಿದೆ" ಅಂದರೆ ಏನೋ ಅರ್ಥ? ಬಿಸಿಲಂತೆ! ತೆಂಗಿನ ತೋಟದ ನೆರಳಲ್ಲಿ ಬೆಳಗಿನ ಹೊತ್ತು ನಿನ್ನೊಬ್ಬನಿಗೇ ಯಾವ ಬಿಸಿಲು ಬಂದಿತ್ತು? ನಿಜ ಹೇಳು, ವ್ಯಾಪಾರದವರು ಏನಾದರೂ ಕುಡಿಸಿದರಾ? ಹಗಲೇ ಶುರು ಹಚ್ಚಿಕೊಂಡೆಯಾ? ನನ್ನ ಕಿವಿ ನೆಟ್ಟಗಿದ್ದಿದ್ದರೆ ಫೋನಿನಲ್ಲೇ ಬೈದು ಮುಗಿಸುತ್ತಿದ್ದೆ. ಫೋನಿನಲ್ಲಿ ನಿನ್ನ ಮಾತು ನನಗೆ ನೊಣ ಗುಂಯ್ ಅಂದ ಹಾಗೆ ಕೇಳುತ್ತದೆ. ಅದರಿಂದ ಈಗ ಬೈಯುವುದಕ್ಕೂ ಕಾಗದದ ಖರ್ಚು.

ಅಂಗಿ ಸರಿ ಹೋಯಿತು ಅಂದೆಯಲ್ಲ, ಅದೊಂದು ಸಮಾಧಾನ. ಇಲ್ಲಿ ನನ್ನ ಅಂಗಡಿಗೆ ಬಂದವರೆಲ್ಲ, "ಅಂಬಮ್ಮ, ಟೇಪೇ ಹಿಡೀದೆ ತಮ್ಮನಿಗೆ ಅಂಗಿ ಹೊಲೀತಿಯಲ್ಲ, ಹೆಂಗೆ?" ಅಂತ ಕೇಳುತ್ತಾರೆ. ನಿನ್ನ ಮದುವೆಗೆ ಅಳತೆ ತೆಗೆದದ್ದು, ಇವತ್ತಿಗೂ ನನ್ನ ಬೆರಳಿನಲ್ಲೇ ಇದೆ. ಎತ್ತಿ ಆಡಿಸಿದ ಮಗುವಿನ ಅಳತೆ ಮರೆಯುವುದಕ್ಕೆ ಆಗುತ್ತದೆಯೇ?

ಬಿದ್ದ ವಿಷಯ ಪೂರ್ತಿ ಬರಿ. ನನಗೇನೂ ಭಯವಿಲ್ಲ, ಸುಮ್ಮನೆ ಕೇಳಿದೆ.

ಅಂಬಕ್ಕ


ಸಖರಾಯಪಟ್ಟಣ
೨೩ ಫೆಬ್ರವರಿ ೨೦೨೫

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟು ಮಾಡಿಕೊಂಡಿದ್ದೆ. ನನ್ನನ್ನು ಕುಡುಕ ಅಂದೆಯಲ್ಲ! ಎಲೆ ಅಡಿಕೆ ಬಿಟ್ಟರೆ ನನಗೆ ಯಾವ ಚಟ ಇದೆ ಹೇಳು? ಮೂರನೆಯ ದಿನ ಊಟಕ್ಕೆ ಕೂತೆ, ಹಸಿವಿನ ಜೊತೆಗೆ ಸಿಟ್ಟೂ ಇಳಿಯಿತು.

ಪೂರ್ತಿ ಬರಿ ಅಂದೆ, ಬರೆಯುತ್ತೇನೆ. ಹೋದ ವಾರ ಇನ್ನೊಂದು ಸಲ ಆಯಿತು. ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಹೊಂಬಾಳೆ ಚೆನ್ನಾಗಿ ಬಿಟ್ಟಿದೆ ಅಂದುಕೊಳ್ಳುತ್ತಿದ್ದ ಹಾಗೆ ತೋಟವೆಲ್ಲ ದೂರ ಹೋದಂತಾಯಿತು. ಕಣ್ಣು ಬಿಟ್ಟರೆ ಒಣ ಸೋಗೆಯ ಮೇಲೆ ಬಿದ್ದಿದ್ದೇನೆ. ಒಬ್ಬ ಅಂಗಿಯ ಗುಂಡಿ ಬಿಚ್ಚಿ ಗಾಳಿ ಹಾಕುತ್ತಿದ್ದ, ಇನ್ನೊಬ್ಬ ಮುಖಕ್ಕೆ ನೀರು ಹೊಡೆಯುತ್ತಿದ್ದ. ಚಿಟಿಕೆ ಹೊಡೆಯುವುದರೊಳಗೆ ಎದ್ದು ಕೂತೆ.

ಇಲ್ಲಿಯ ಡಾಕ್ಟರ ಹತ್ತಿರ ಹೋದೆ. ಅಂಗಿ ಬಿಚ್ಚಿಸಿ ಮಲಗಿಸಿ ಬಿಪಿ ನೋಡಿದರು. ನೂರಿಪ್ಪತ್ತು, ಎಂಬತ್ತು. ಎದ್ದು ನಿಲ್ಲಿಸಿ ನೋಡಿದರು, ಅದೂ ಸರಿ. "ಹುಡುಗರ ಬಿಪಿ ಇದ್ದಂಗಿದೆ ಕಣ್ರೀ" ಅಂದರು. ಮನೆಯಲ್ಲಿ ಒಂದು ಸಲವೂ ಹೀಗಾಗಿಲ್ಲ. ಕೆಲಸಕ್ಕೆ ಹೋದಾಗ ಮಾತ್ರ. ಅದಕ್ಕೇ ಊರಿನವರು, "ಕನಕಣ್ಣಂಗೆ ಕೆಲ್ಸ ಅಂದ್ರೆ ತಲೆ ಸುತ್ತು" ಅಂತ ನಗುತ್ತಿದ್ದಾರೆ. ಹೇಮಾವತಿ ಮಾತ್ರ ಡಾಕ್ಟರನ್ನೂ ನಂಬಲಿಲ್ಲ. ಸಾರಿಗೆ ಉಪ್ಪು ನಿಲ್ಲಿಸಿದ್ದಾಳೆ. ಆ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗುವುದಕ್ಕಿಂತ ಬೀಳುವುದೇ ಸುಖ. ನಿನ್ನ ಮಾವಿನ ಮಿಡಿ ಉಪ್ಪಿನಕಾಯಿ ಒಂದು ಶೀಸೆ ಕಳಿಸು. ಬಟ್ಟೆಯೊಳಗೆ ಸುತ್ತಿ ಕಳಿಸು, ಇವಳಿಗೆ ತಿಳಿಯಬಾರದು.

ಒಂದೇ ಒಂದು ಯೋಚನೆ. ಬೀರೂರಿನ ತಿಮ್ಮೇಶ್ ಅನ್ನುವವನು ಡ್ರೋನ್ ಇಟ್ಟುಕೊಂಡಿದ್ದಾನೆ. ಮೇಲೆ ಹಾರಿಸಿ ಮೊಬೈಲಿನಲ್ಲಿ ಗೊನೆ ತೋರಿಸುತ್ತಾನೆ. ಮಲ್ಲಿಕಾರ್ಜುನಪ್ಪನವರ ಕಿವಿಗೆ ನಾನು ಬಿದ್ದ ವಿಷಯವೂ ಹೋಗಿದೆ, ಡ್ರೋನಿನ ವಿಷಯವೂ ಹೋಗಿದೆ. ಅವರ ತೋಟ ಈ ಸಲ ಕೈಬಿಟ್ಟರೆ ನನ್ನನ್ನು ಇನ್ನು ಯಾರೂ ಕರೆಯುವುದಿಲ್ಲ ಅಕ್ಕ.

ಕನಕ


ಅಜ್ಜಂಪುರ
೪ ಮಾರ್ಚ್ ೨೦೨೫

ಕನಕ,

ಕುಡುಕ ಅಂದದ್ದು ವಾಪಸ್ ತೆಗೆದುಕೊಂಡೆ. ಸರಿಯಾ?

ಈ ಕಾಗದದ ಜೊತೆ ಇರುವ ಗಂಟಿನಲ್ಲಿ ಹೊಸ ಅಂಗಿ ಇದೆ. ಅಂಗಿಯೊಳಗೆ ಶೀಸೆ ಇದೆ, ಹುಷಾರಾಗಿ ಬಿಚ್ಚು, ಎಣ್ಣೆ ಹತ್ತೀತು. ನಾನು ಯೋಚನೆ ಮಾಡಿದೆ. ದಿನವೆಲ್ಲ ಕತ್ತೆತ್ತಿದರೆ ಕತ್ತಿಗೆ ಬಿಸಿಲು ಬೀಳುತ್ತದೆ, ಕತ್ತಿನ ನರ ಸೋಲುತ್ತದೆ. ಅದಕ್ಕೇ ಕಣ್ಣು ಕತ್ತಲೆ. ಹಾಗಾಗಿ ಈ ಸಲ ಕಾಲರ್ ಇನ್ನಷ್ಟು ಎತ್ತರ ಮಾಡಿ, ಒಳಗೆ ಗಟ್ಟಿ ಬಟ್ಟೆ ಕೊಡುತ್ತೇವಲ್ಲ, ಆ ಬಕ್ರಂ ಎರಡು ಪದರ ಕೊಟ್ಟಿದ್ದೇನೆ. ಕತ್ತಿಗೆ ಒಳ್ಳೆಯ ಆಧಾರ. ಬಿಸಿಲೂ ಬೀಳುವುದಿಲ್ಲ, ಇರುವೆಯೂ ನುಗ್ಗುವುದಿಲ್ಲ. ಮಲ್ಲಿಕಾರ್ಜುನಪ್ಪನ ತೋಟಕ್ಕೆ ಇದನ್ನೇ ಹಾಕಿಕೊಂಡು ಹೋಗು. ಮೇಲಿನ ಗುಂಡಿ ಬಿಡಬೇಡ.

ಡ್ರೋನ್ ಅಂತೆ! ಗಾಳಿಪಟ ಬಿಡುವ ಹುಡುಗನ ಮಾತಿಗೆ ತೋಟ ಮಾರುತ್ತಾರಾ? ಧೈರ್ಯವಾಗಿ ಹೋಗು. ನಾನಿದ್ದೇನೆ.

ಅಂಬಕ್ಕ


ಸಖರಾಯಪಟ್ಟಣ
೨೫ ಮಾರ್ಚ್ ೨೦೨೫

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಬರೆಯುವಂಥದ್ದು ಏನೂ ಇರಲಿಲ್ಲ.

ಮಲ್ಲಿಕಾರ್ಜುನಪ್ಪನವರ ತೋಟಕ್ಕೆ ಹೋದೆ. ನಿನ್ನ ಹೊಸ ಅಂಗಿ ಹಾಕಿಕೊಂಡೇ ಹೋದೆ. ಮೊದಲನೆಯ ಸಾಲು ಕೂಡ ದಾಟಲಿಲ್ಲ. ಈ ಸಲ ಡ್ರೋನ್ ತಂದು ಅಲ್ಲೇ ನಿಂತಿದ್ದ ತಿಮ್ಮೇಶ್ ಬಂದು ಹಿಡಿದುಕೊಳ್ಳದಿದ್ದರೆ ಕಲ್ಲಿನ ಮೇಲೆ ತಲೆ ಬೀಳುತ್ತಿತ್ತು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಮಲ್ಲಿಕಾರ್ಜುನಪ್ಪನವರು ಒಳ್ಳೆಯವರು, ಬೈಯಲಿಲ್ಲ. "ಕನಕರಾಜು, ನೀನು ನಮ್ ತೋಟದಲ್ಲಿ ಸತ್ರೆ ನಾನು ನಿಮ್ಮಕ್ಕಂಗೆ ಏನಂತ ಹೇಳ್ಲಪ್ಪಾ? ಒಂದೆರಡು ತಿಂಗಳು ಕಾಯ್ತೀನಿ. ಸರಿಯಾದ್ರೆ ಬಾ. ಇಲ್ಲಾಂದ್ರೆ ಈ ಹುಡುಗ ಇದ್ದಾನೆ" ಅಂದರು.

ನನಗೆ ಅಳು ಬಂತು ಅಕ್ಕ. ಐವತ್ತೆಂಟು ವರ್ಷದ ಗಂಡಸು, ಸೋಗೆಯ ಮೇಲೆ ಕೂತು ಅತ್ತೆ. ನನಗೆ ಬರುವುದು ಇದೊಂದೇ ಕೆಲಸ.

ಅಂಗಿ ಚೆನ್ನಾಗಿದೆ. ಅದರದೇನೂ ತಪ್ಪಿಲ್ಲ. ಉಪ್ಪಿನಕಾಯಿಯನ್ನು ಹೇಮಾವತಿ ಕಂಡುಹಿಡಿದಳು.

ಕನಕ


ಸಖರಾಯಪಟ್ಟಣ
೮ ಏಪ್ರಿಲ್ ೨೦೨೫

ಅಕ್ಕಾ, ಅಕ್ಕಾ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಸಿಕ್ಕಿಬಿಟ್ಟಿತು! ರೋಗ ಸಿಕ್ಕಿತು!

ಹೇಮಾವತಿ ನನ್ನನ್ನು ಕಡೂರಿಗೆ ಎಳೆದುಕೊಂಡು ಹೋದಳು. ಅಲ್ಲಿ ಭವ್ಯ ಅಂತ ಒಬ್ಬರು ಹೃದಯದ ಡಾಕ್ಟರಮ್ಮ ಇದ್ದಾರೆ. ಎಲ್ಲರ ಹಾಗೆ ಅಂಗಿ ಬಿಚ್ಚಿಸಿ ಮಲಗಿಸಲಿಲ್ಲ. "ಬಿದ್ದಾಗ ಏನ್ ಹಾಕ್ಕೊಂಡಿದ್ರೋ ಅದನ್ನೇ ಹಾಕ್ಕೊಂಡು, ಏನ್ ಮಾಡ್ತಿದ್ರೋ ಅದನ್ನೇ ಮಾಡಿ" ಅಂದರು. ಎದೆಗೆ ವೈರ್ ಅಂಟಿಸಿ, ಅದರ ಮೇಲೆ ಅಂಗಿ ತೊಡಿಸಿ, ಕುರ್ಚಿಯ ಮೇಲೆ ಕೂರಿಸಿ, ಹಿಂದೆ ಇಬ್ಬರು ನರ್ಸಮ್ಮಂದಿರನ್ನು ನಿಲ್ಲಿಸಿ, "ಮೇಲಿರೋ ಫ್ಯಾನ್ ನೋಡಿ, ತೆಂಗಿನ ಮರ ಅಂದ್ಕೊಳ್ಳಿ" ಅಂದರು. ನಾನು ಫ್ಯಾನಿನಲ್ಲಿ ಗೊನೆ ಹುಡುಕಿದೆ. ಅಷ್ಟೇ ನೆನಪು. ಮಿಷನ್ನಿನಲ್ಲಿ ಟಕ್ ಟಕ್ ಅನ್ನುತ್ತಿದ್ದದ್ದು ನಿಂತೇ ಹೋಯಿತಂತೆ! ಡಾಕ್ಟರಮ್ಮ ಓಡಿ ಬಂದರಂತೆ. ಮತ್ತೆ ಟಕ್ ಟಕ್ ಶುರುವಾಯಿತಂತೆ. ಹೇಮಾವತಿ ಕಿರುಚಿದ್ದು ರಸ್ತೆಯವರೆಗೂ ಕೇಳಿಸಿತಂತೆ.

ಆಮೇಲೆ ನಿಧಾನವಾಗಿ ಹೇಳಿದರು. ದವಡೆಯ ಕೆಳಗೆ, ಕತ್ತಿನ ಎರಡು ಪಕ್ಕದಲ್ಲೂ, ತಲೆಗೆ ಹೋಗುವ ರಕ್ತದ ಕೊಳವೆ ಕವಲೊಡೆಯುವ ಕಡೆ ಸ್ವಲ್ಪ ಉಬ್ಬಿರುತ್ತದಂತೆ. ರಕ್ತದ ಒತ್ತಡ ಎಷ್ಟಿದೆ ಅಂತ ನೋಡುವ ಕಾವಲು ಅಲ್ಲೇ ಇರುವುದಂತೆ. ಒತ್ತಡ ಹೆಚ್ಚಾದರೆ ಆ ಕೊಳವೆಯ ಗೋಡೆ ಹಿಗ್ಗುತ್ತದೆ, ಅಲ್ಲಿರುವ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಮೆದುಳು ಹೃದಯಕ್ಕೆ "ನಿಧಾನ" ಅನ್ನುತ್ತದೆ, ಕೈಕಾಲಿನ ರಕ್ತನಾಳಗಳನ್ನೂ ಸಡಿಲ ಬಿಡುತ್ತದೆ. ನಾವು ಮಲಗಿದ್ದವರು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದಲ್ಲ, ಆಗ ಗೋಡೆ ಸಡಿಲವಾಗಿ ಸುದ್ದಿ ಕಡಿಮೆಯಾಗುತ್ತದೆ, ಮೆದುಳು ಹೃದಯವನ್ನು ಜೋರು ಮಾಡಿ ರಕ್ತನಾಳ ಬಿಗಿ ಮಾಡುತ್ತದೆ. ನಮಗೆ ಗೊತ್ತಾಗುವುದೇ ಇಲ್ಲ. ಹುಟ್ಟಿದಾಗಿನಿಂದ ಇದು ನಡೆಯುತ್ತಲೇ ಇದೆಯಂತೆ. ನಮ್ಮ ಬೋರ್‌ವೆಲ್ ಮೋಟರಿಗೆ ಆಟೋ ಸ್ವಿಚ್ ಇಟ್ಟ ಹಾಗೆ ಅಂದುಕೊಂಡೆ.

ವಯಸ್ಸಾದಂತೆ ಕೆಲವು ಗಂಡಸರಲ್ಲಿ ಆ ಕಾವಲು ಬಹಳ ಸೂಕ್ಷ್ಮ ಆಗಿಬಿಡುತ್ತದಂತೆ. ಹೊರಗಿನಿಂದ ಒತ್ತಿದರೂ ಸಾಕು, ರಕ್ತದ ಒತ್ತಡವೇ ಏರಿತು ಅಂತ ಮೋಸ ಹೋಗಿ ಮೆದುಳಿಗೆ ಹೇಳಿಬಿಡುತ್ತದಂತೆ. ಮೆದುಳು ಹೃದಯವನ್ನೇ ನಿಲ್ಲಿಸಿ ಬಿಡುತ್ತದೆ, ಮನುಷ್ಯ ಬೀಳುತ್ತಾನೆ. ಹೇಮಾವತಿ "ಎಲ್ಲಿ, ಇಲ್ಲಾ?" ಅಂತ ನನ್ನ ಕತ್ತಿಗೆ ಬೆರಳು ತಂದಳು. ಡಾಕ್ಟರಮ್ಮ, "ಅಯ್ಯೋ, ಮುಟ್ಬೇಡೀಮ್ಮಾ!" ಅಂತ ಕೂಗಿದರು.

ನನಗೆ ಒತ್ತಿದ್ದು ಟವೆಲು. ಬಿಗಿಯಾಗಿ ಕತ್ತಿಗೆ ಸುತ್ತಿಕೊಳ್ಳುತ್ತಿದ್ದೆನಲ್ಲ, ಅದೇ. ಇನ್ನು ಟವೆಲು ಸುತ್ತುವುದಿಲ್ಲ. ಒಂದು ಸಣ್ಣ ಮಿಷನ್ ಕಟ್ಟಿ ಒಂದು ದಿನ ಪೂರ್ತಿ ನೋಡುತ್ತಾರಂತೆ, ಅದರಲ್ಲಿ ಸರಿ ಬಂದರೆ ತೋಟಕ್ಕೆ ಹೋಗಬಹುದಂತೆ. ಅಲ್ಲಿಯವರೆಗೂ ಗಾಡಿ ಓಡಿಸಬಾರದು, ಒಬ್ಬನೇ ಎಲ್ಲೂ ಹೋಗಬಾರದು.

ಕನಕ


ಅಜ್ಜಂಪುರ
೧೩ ಏಪ್ರಿಲ್ ೨೦೨೫

ಕನಕರಾಜ,

ಯಾವ ಟವೆಲೋ?

ನೀನು ಹುಟ್ಟಿದಾಗಿನಿಂದ ನೋಡಿದ್ದೇನೆ. ಟವೆಲು ಹೆಗಲ ಮೇಲೆ ಹಾಕುತ್ತೀಯ, ತಲೆಗೆ ಸುತ್ತುತ್ತೀಯ. ಕತ್ತಿಗೆ ಸುತ್ತಿದ್ದು ಯಾವತ್ತು? ಆಸ್ಪತ್ರೆಯಲ್ಲಿ ಕುರ್ಚಿಯ ಮೇಲೆ ಕೂತಾಗ ಟವೆಲು ಎಲ್ಲಿತ್ತು? "ಅದರ ಮೇಲೆ ಅಂಗಿ ತೊಡಿಸಿ" ಅಂತ ನೀನೇ ಬರೆದಿದ್ದೀಯ. ನನ್ನ ಕಿವಿ ಹೋಗಿರಬಹುದು, ಕಣ್ಣು ಹೋಗಿಲ್ಲ.

ಕಾಗದ ಎರಡು ಸಲ ಓದಿದೆ. ಆಮೇಲೆ ಎದ್ದು, ಸಂಕ್ರಾಂತಿಗೆ ಬಂದಾಗ ಜೇಬು ಹೊಲಿ ಅಂತ ಬಿಟ್ಟು ಹೋಗಿದ್ದೆಯಲ್ಲ, ಆ ಹಳೆಯ ಅಂಗಿ ತೆಗೆದೆ. ಜೇಬು ನೋಡಿದ್ದೆ, ಕತ್ತು ನೋಡಿರಲಿಲ್ಲ. ಮೇಲಿನ ಗುಂಡಿ ನಾನು ಹಾಕಿದ ಜಾಗದಲ್ಲಿ ಇಲ್ಲ. ಕಿತ್ತು, ಸಡಿಲವಾಗಲಿ ಅಂತ ಪಟ್ಟಿಯ ತುತ್ತತುದಿಗೆ ತಂದು, ಬಿಳಿ ಅಂಗಿಗೆ ಕಪ್ಪು ದಾರದಲ್ಲಿ ಹೊಲಿದಿದೆ. ಅದು ಹೇಮಾವತಿಯ ಕೈ. ಇನ್ನೊಂದು ಎಳೆ ಆಚೆ ತರುವುದಕ್ಕೂ ಬಟ್ಟೆ ಇರಲಿಲ್ಲ. ಆ ಕತ್ತು ಪಟ್ಟಿಯಲ್ಲಿ ನಿನ್ನ ಬೆವರಿನ ಗೆರೆ ಇತ್ತು, ಹಗ್ಗ ಕಟ್ಟಿದ ಗೆರೆಯ ಹಾಗೆ.

ಎಷ್ಟು ವರ್ಷದಿಂದ ಬಿಗಿ ಆಗುತ್ತಿತ್ತೋ? "ಮೈಗೆ ಹೊಯ್ದ ಹಾಗೆ" ಅಂತ ಬರೆದೆಯಲ್ಲ, ನಿನಗೆ ನಾಚಿಕೆ ಆಗಲಿಲ್ಲವಾ? ನೀನು ಬಿದ್ದೆ ಅಂದಾಗ ನಾನೇ ಕೂತು ಎರಡು ಪದರ ಬಕ್ರಂ ಕೊಟ್ಟು, ಕಾಲರ್ ಎತ್ತರ ಮಾಡಿ, "ಗುಂಡಿ ಬಿಡಬೇಡ" ಅಂತ ಬರೆದು ಕಳಿಸಿದೆ. ನೀನು ಹಾಕಿಕೊಂಡೂ ಹೋದೆ! ಲೇ ಪೆದ್ದಾ, ಎತ್ತಿ ಆಡಿಸಿದ ಕೈಯಿಂದಲೇ ನಿನ್ನ ಕತ್ತು ಹಿಸುಕಿದ ಹಾಗೆ ಆಯಿತಲ್ಲೋ. ಆ ಕಲ್ಲಿನ ಮೇಲೆ ತಲೆ ಬಿದ್ದಿದ್ದರೆ?

ಬುಧವಾರದ ಬಸ್ಸಿಗೆ ಬರುತ್ತಿದ್ದೇನೆ. ಟೇಪು ತರುತ್ತೇನೆ. ಊಟಕ್ಕೆ ಏನೂ ವಿಶೇಷ ಮಾಡಬೇಡಿ ಅಂತ ಹೇಮಾವತಿಗೆ ಹೇಳು. ಉಪ್ಪು ಹಾಕಿದರೆ ಸಾಕು.

ಅಂಬಕ್ಕ


ಸಖರಾಯಪಟ್ಟಣ
೪ ಮೇ ೨೦೨೫

ಅಕ್ಕಾ,

ನೀನು ಹೊಲಿದು ಕೊಟ್ಟು ಹೋದ ಹೊಸ ಅಂಗಿ ಹಾಕಿಕೊಂಡು, ಅದರೊಳಗೆ ಡಾಕ್ಟರಮ್ಮ ಕಟ್ಟಿದ ಮಿಷನ್ ಇಟ್ಟುಕೊಂಡು, ಒಂದು ದಿನವೆಲ್ಲ ನಮ್ಮ ಹಿತ್ತಿಲಿನ ಮರಗಳನ್ನೇ ನೋಡಿದೆ. ಹೇಮಾವತಿ ಹಿಂದೆಯೇ ಚಾಪೆ ಹಿಡಿದುಕೊಂಡು ಬರುತ್ತಿದ್ದಳು, ಬಿದ್ದರೆ ಹಾಸುವುದಕ್ಕಂತೆ. ನಾಡಿ ಒಂದು ಸಲವೂ ತಪ್ಪಲಿಲ್ಲ. ಡಾಕ್ಟರಮ್ಮ ತೋಟಕ್ಕೆ ಹೋಗಿ ಅಂದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಗಾಡಿ ಇನ್ನೂ ಬೇಡ ಅಂದರು. ಇರಲಿ, ನಡೆಯುತ್ತೇನೆ.

ಶುಕ್ರವಾರ ಮಲ್ಲಿಕಾರ್ಜುನಪ್ಪನವರ ತೋಟಕ್ಕೆ ಹೋದೆ. ನೀನು ಇರಬೇಕಿತ್ತು! ಮೊದಲನೆಯ ಮರದ ಬುಡದಲ್ಲಿ ನಿಂತೆ. ಹಿಂದೆ ತಿರುಗಿ ನೋಡಿದರೆ ಮಾರುವವರು, ಕೊಳ್ಳುವವರು, ತಿಮ್ಮೇಶ್, ಎಲ್ಲರೂ ಕೈ ಚಾಚಿಕೊಂಡು ಹಿಡಿಯುವುದಕ್ಕೆ ತಯಾರಾಗಿ ನಿಂತಿದ್ದಾರೆ. ನನಗೂ ಎದೆ ಡವಗುಟ್ಟುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಕತ್ತೆತ್ತಿದೆ. ಗೊನೆ ಕಂಡಿತು. ಗೊನೆಯಲ್ಲಿ ಈಗಷ್ಟೇ ಕಾಯಿ ಕಟ್ಟುತ್ತಿದ್ದ ಹರಳು ಕಂಡಿತು. ಇನ್ನೂ ಕಾಣುತ್ತಲೇ ಇತ್ತು. ಎರಡನೆಯ ಮರಕ್ಕೆ ಹೋದೆ. ನಾಲ್ಕೈದು ಮರ ಆದ ಮೇಲೆ ಹಿಂದಿನವರು ಕೈ ಕೆಳಗಿಳಿಸಿದರು.

ಅರ್ಧ ತೋಟ ದಾಟಿದಾಗ ಕತ್ತಿನ ಸಂದಿಯಿಂದ ಕೆಂಪಿರುವೆ ಬೆನ್ನೊಳಗೆ ಇಳಿಯಿತು. ನಾನು "ಅಮ್ಮಾ!" ಅಂತ ಹಾರಿದೆ. "ಬಿದ್ದ, ಹಿಡ್ಕಳ್ರೋ!" ಅಂತ ಎಲ್ಲರೂ ನನ್ನ ಮೇಲೆ ಬಿದ್ದರು. ನಾನು ನೆಟ್ಟಗಿದ್ದೆ, ಅವರು ನಾಲ್ಕು ಜನ ನೆಲದ ಮೇಲಿದ್ದರು. ಮಲ್ಲಿಕಾರ್ಜುನಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತಿಮ್ಮೇಶ್ ಡ್ರೋನನ್ನೂ ಹಾರಿಸಿದ. ಅದು ಚೆನ್ನಾಗಿಯೇ ತೋರಿಸುತ್ತದೆ ಅಕ್ಕ. ಯಾವ ಹರಳು ನಿಲ್ಲುತ್ತದೆ, ಯಾವುದು ಉದುರುತ್ತದೆ ಅನ್ನುವುದನ್ನು ಮಾತ್ರ ಅವನು ನನ್ನನ್ನೇ ಕೇಳಿದ. ಹೇಳಿಕೊಟ್ಟೆ. ನನ್ನನ್ನು ಕಲ್ಲಿನ ಮೇಲೆ ಬೀಳದ ಹಾಗೆ ಹಿಡಿದವನು ಅವನೇ ಅಲ್ಲವೇ? ಬೆಲೆ ನಾನೇ ಹೇಳಿದೆ. ಎರಡು ಕಡೆಯವರೂ ಒಪ್ಪಿದರು. "ಬರೋ ವರ್ಷಾನೂ ನೀನೇ ಕಣಯ್ಯ" ಅಂದರು ಮಲ್ಲಿಕಾರ್ಜುನಪ್ಪನವರು.

ನೀನು ಇಲ್ಲಿದ್ದಾಗ ಎರಡು ದಿನ ಕೇಳಿದೆ, ಯಾಕೆ ಹೇಳಲಿಲ್ಲ ಅಂತ. ಎದುರಿಗೆ ಹೇಳುವುದಕ್ಕೆ ಆಗಲಿಲ್ಲ, ನಿನಗೆ ಕೇಳಿಸಬೇಕಾದರೆ ಕೂಗಬೇಕು. ಇಂಥ ಮಾತನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಗೆ ಕೂಗಲಿ? ಅವ್ವ ತೀರಿಹೋದ ವರ್ಷ ನೀನು ನಿನ್ನ ಲಂಗ ಕತ್ತರಿಸಿ ನನಗೆ ಶಾಲೆಗೆ ಅಂಗಿ ಹೊಲಿದೆ. ಅದು ದೊಡ್ಡದಾಗಿತ್ತೋ ಚಿಕ್ಕದಾಗಿತ್ತೋ ನಾನು ನೋಡಲಿಲ್ಲ. ನನಗೆ ಅಂಗಿ ಇತ್ತು, ಅಷ್ಟೇ ಸಾಕಾಗಿತ್ತು. ಆಮೇಲೂ ನೀನು ಕೊಟ್ಟದ್ದನ್ನು ಬಿಗಿ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಿನ್ನನ್ನು ಬಸ್ಸು ಹತ್ತಿಸಿದಾಗ ನೀನು ಆಚೆ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ ಅಂತ ಹೇಮಾವತಿ ಹೇಳಿದಳು. ನನ್ನ ಮೇಲೆ ಸಿಟ್ಟು ಅಂತ ನಾನು ಅಂದುಕೊಂಡಿದ್ದೆ.

ನಿನ್ನ ಕನಕ


ಅಜ್ಜಂಪುರ
೯ ಮೇ ೨೦೨೫

ಕನಕ,

ಸಿಟ್ಟೂ ಇತ್ತು.

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಜನ ಇದ್ದರು. ಹಿಂದಕ್ಕೆ ತಿರುಗಿ ಕೂತು ಓದಿದೆ. ಮಲ್ಲಿಕಾರ್ಜುನಪ್ಪ ನಿನ್ನನ್ನೇ ಕರೆದರು ಅನ್ನುವ ಕಡೆ ಬಂದಾಗ ಜೋರಾಗಿ ನಕ್ಕೆನಂತೆ. ನನಗೆ ಕೇಳಿಸುವುದಿಲ್ಲವಲ್ಲ, ಎಷ್ಟು ಜೋರು ಅಂತ ಗೊತ್ತಾಗಲಿಲ್ಲ. ಎದುರಿನ ಹೋಟೆಲಿನವರು ಎದ್ದು ಬಂದು ನೋಡಿದರು. "ನನ್ ತಮ್ಮ ಗೆದ್ದ ಕಣ್ರಪ್ಪಾ" ಅಂದೆ. ಎಲ್ಲರಿಗೂ ಕಾಫಿ ಹೇಳಿದೆ.

ಅವ್ವನ ವಿಷಯ ಓದಿ ಮುಗಿಸುವುದಕ್ಕೆ ಹೊತ್ತಾಯಿತು. ಆ ಅಂಗಿ ದೊಡ್ಡದಾಗಿತ್ತು ಕಣೋ. ಅರ್ಧ ತೋಳು ಮೊಣಕೈ ದಾಟಿ ಜೋಲುತ್ತಿತ್ತು. ನನಗೆ ಗೊತ್ತಿತ್ತು. ನೀನು ಏನಾದರೂ ಅಂದರೆ ಬಿಚ್ಚಿ ಸರಿ ಮಾಡೋಣ ಅಂತ ಕಾದಿದ್ದೆ. ನೀನು ಏನೂ ಅನ್ನಲಿಲ್ಲ. ಹೊಲಿಯುವುದಕ್ಕೆ ಬರುತ್ತದೆ ಅಂತ ನಾನೂ ನಂಬಿಕೊಂಡೆ, ದರ್ಜಿಯಾದೆ.

ಇನ್ನು ಮೇಲೆ ಹಾಗೆ ಮಾಡಬೇಡ. ಬಿಗಿಯಿದ್ದರೆ ಬಿಗಿ ಅನ್ನು. ಸಡಿಲವಿದ್ದರೆ ಸಡಿಲ ಅನ್ನು. ನಾನು ಬೈಯುತ್ತೇನೆ, ಖಂಡಿತ ಬೈಯುತ್ತೇನೆ. ಬೈಸಿಕೊ. ಬೈಸಿಕೊಂಡು ಬದುಕಿರು. ನನಗೆ ಬೈಯುವುದಕ್ಕೆ ಇರುವವನು ನೀನೊಬ್ಬನೇ.

ಅಂಬಕ್ಕ